ನೋವಿಲ್ಲದ ಪಾದವನ್ನೂ ಅಳೆಯಿರಿ



ಮೆಲ್ಬರ್ನ್‌ನಲ್ಲಿ ನಾನು ಪೊಡಿಯಾಟ್ರಿಸ್ಟ್, ಅಂದರೆ ಪಾದಗಳ ಆರೈಕೆ ಮಾಡುವವಳು. ಸಿಡ್ನಿಯಲ್ಲಿ ಇವತ್ತು ನಿಮ್ಮೆದುರು ಒಂದೇ ಮಾತು ಹೇಳುತ್ತೇನೆ: ಸಕ್ಕರೆ ಕಾಯಿಲೆ ಇದ್ದರೆ, ನೋವು ಬರಲೆಂದು ಕಾಯದೆ ಪಾದವನ್ನು ಅಳೆಸಿಕೊಳ್ಳಿ.

ಗೋದಾಮಿನಲ್ಲಿ ದುಡಿಯುವ ನಮ್ಮವರೊಬ್ಬರು ಜನವರಿಯ ಬಿಸಿಲಲ್ಲಿ ಬರಿಗಾಲಲ್ಲಿ ದೇವಸ್ಥಾನ ಸುತ್ತಿ ಬಂದರು. ಮನೆಯಲ್ಲಿ ಕಾಲು ತೊಳೆಯುವಾಗ ನೋಡಿದರೆ ಅಂಗಾಲ ತುಂಬ ಬೊಬ್ಬೆ. “ಮೇಡಂ, ಒಂಚೂರೂ ಉರಿಯಲಿಲ್ಲ” ಎಂದು ಸಮಾಧಾನದಿಂದಲೇ ಹೇಳಿದರು. ನನಗೆ ಹೆದರಿಕೆಯಾದದ್ದು ಆ ಮಾತಿಗೇ. ಗಾಯ ಒಣಗಲು ಮೂರು ತಿಂಗಳು ಬೇಕಾಯಿತು. ಅಷ್ಟೂ ದಿನ ಕೆಲಸವಿಲ್ಲ.

ನಾವು ಮುಖ್ಯವಾಗಿ ಮೂರನ್ನು ಅಳೆಯುತ್ತೇವೆ.

ಮೊದಲನೆಯದು ಸ್ಪರ್ಶ. ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆ 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ. ಕಣ್ಣು ಮುಚ್ಚಿದವರಿಗೆ ಅದು ತಾಗಿದ್ದು ತಿಳಿಯದಿದ್ದರೆ ಶೂ ಒಳಗಿನ ಕಲ್ಲೂ ತಿಳಿಯದೆ ಹೋಗಬಹುದು. ಈ ಪಾಠಕ್ಕೆ ನಮ್ಮ ನೆರೆಯ ವೆಲ್ಲೂರಿನ ನಂಟಿದೆ. ಅಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆ ಕೊಡುತ್ತಿದ್ದ ಡಾ. ಪಾಲ್ ಬ್ರ್ಯಾಂಡ್, ನೋವೇ ತಿಳಿಯದ ಪಾದ ಹೇಗೆ ಗಾಯಗೊಳ್ಳುತ್ತದೆ ಎಂದು ತೋರಿಸಿದರು. ಆ ತಿಳಿವೇ ಮುಂದೆ ಅಮೆರಿಕದ ಕಾರ್ವಿಲ್‌ನಲ್ಲಿ ಸಕ್ಕರೆ ಕಾಯಿಲೆಯವರ ಪಾದಗಳಿಗೂ ಒದಗಿತು.

ಎರಡನೆಯದು ರಕ್ತ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸುತ್ತೇವೆ. 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ರಕ್ತನಾಳ ಕಿರಿದಾಗಿರುವ ಸೂಚನೆ. ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳ ಗಡುಸಾಗಿ ಈ ಸಂಖ್ಯೆ ಸುಮ್ಮನೆ ಹೆಚ್ಚು ಬರುವುದೂ ಉಂಟು. ಆಗ ಹೆಬ್ಬೆರಳಿನ ಒತ್ತಡ ನೋಡುತ್ತೇವೆ.

ಮೂರನೆಯದು ಕಣಕಾಲು ಎಷ್ಟು ಬಾಗುತ್ತದೆ ಎಂಬುದು. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ, ಮಂಡಿಯನ್ನು ಗೋಡೆಗೆ ತಾಗಿಸಬೇಕು. ಹಾಗೆ ತಾಗಿಸುತ್ತಲೇ ಪಾದವನ್ನು ಎಷ್ಟು ಹಿಂದಕ್ಕೆ ಸರಿಸಬಹುದೋ ಅಷ್ಟು ಸೆಂಟಿಮೀಟರ್ ಲೆಕ್ಕ. ಯಾರು ಅಳೆದರೂ ಉತ್ತರ ಹೆಚ್ಚು ಕಡಿಮೆ ಒಂದೇ ಎಂದು 1998ರಲ್ಲಿ ತೋರಿಸಿದವರು ಮೆಲ್ಬರ್ನ್‌ನ ಕಿಮ್ ಬೆನೆಲ್ ಮತ್ತು ಸಂಗಡಿಗರು. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಬಿಗಿಯಾಗುತ್ತದೆ. ನಡೆಯುವಾಗ ಹಿಮ್ಮಡಿ ಬೇಗ ಏಳುತ್ತದೆ, ಭಾರ ಮುಂಗಾಲಿಗೆ ಬೀಳುತ್ತದೆ. ಅಲ್ಲಿ ಚರ್ಮ ದಡ್ಡುಗಟ್ಟುತ್ತದೆ, ದಡ್ಡಿನ ಕೆಳಗೇ ಹುಣ್ಣಾಗುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಅಪ್ಪನೋ ಅಮ್ಮನೋ ಕಣ್ಣು ಮುಚ್ಚಲಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ, ಒತ್ತಬೇಡಿ. ಆರರಲ್ಲಿ ಎರಡು ಕಡೆ ತಿಳಿಯದಿದ್ದರೂ ಜಿಪಿಯನ್ನು ನೋಡಿ. ಮೆಡಿಕೇರ್ ಇದ್ದವರಿಗೆ, ಜಿಪಿ ಯೋಜನೆ ಬರೆದುಕೊಟ್ಟರೆ, ಪೊಡಿಯಾಟ್ರಿಸ್ಟ್ ಮುಂತಾದವರ ಬಳಿ ವರ್ಷಕ್ಕೆ ಒಟ್ಟು 5 ಭೇಟಿಗಳವರೆಗೆ ಹಣದ ನೆರವುಂಟು. ತಾತ್ಕಾಲಿಕ ವೀಸಾದವರು ನಿಮ್ಮ ವಿಮೆಯಲ್ಲಿ ಏನಿದೆ ಎಂದು ಈಗಲೇ ಕೇಳಿಟ್ಟುಕೊಳ್ಳಿ. ಗಾಯವಾದರೆ ಮಾತ್ರ ಯಾವ ಕಾಗದಕ್ಕೂ ಕಾಯದೆ ಅಂದೇ ಹೋಗಿ.

ಆ ಗೋದಾಮಿನವರು ಈಗ ಕೆಲಸಕ್ಕೆ ಹೋಗುತ್ತಿದ್ದಾರೆ. ದಿನಾ ರಾತ್ರಿ ಮಗಳು ಅವರ ಅಂಗಾಲು ನೋಡುತ್ತಾಳೆ. ಹಿರಿಯರ ಕಾಲು ಮುಟ್ಟಿ ನಮಸ್ಕರಿಸುವವರು ನಾವು. ಮುಂದಿನ ಸಲ ಮುಟ್ಟಿದಾಗ ಒಮ್ಮೆ ಕೇಳಿ: “ಮುಟ್ಟಿದ್ದು ಗೊತ್ತಾಯಿತಾ?”