ವಿಜಯನಗರದ ವರಹ: ಮುದ್ರೆ, ಹೆಸರು ಮತ್ತು ಕೊಂಡಿಯ ಗುರುತು

ಇಂಗ್ಲೆಂಡಿನಲ್ಲಿ ಟ್ಯೂಡರ್ ಮನೆತನದ ಎಂಟನೆಯ ಹೆನ್ರಿ ಪಟ್ಟಕ್ಕೆ ಬಂದ 1509ರಲ್ಲಿಯೇ ವಿಜಯನಗರದಲ್ಲಿ ಕೃಷ್ಣದೇವರಾಯನು ಸಿಂಹಾಸನವನ್ನೇರಿದನು. ಟ್ಯೂಡರ್ ಅರಸರು 1489ರಿಂದ ಅಚ್ಚುಹಾಕಿಸಿದ ‘ಸಾವರಿನ್’ ಸುಮಾರು 15.5 ಗ್ರಾಂ ತೂಕದ ಚಿನ್ನದ ನಾಣ್ಯ. ಅದರ ಮೇಲೆ ಸಿಂಹಾಸನಾರೂಢನಾದ ಅರಸನಿದ್ದಾನೆ. ಕೃಷ್ಣದೇವರಾಯನ ವರಹವಾದರೋ ಸುಮಾರು 3.4 ಗ್ರಾಂ ಮಾತ್ರ. ಅದರಲ್ಲಿ ಅರಸನ ರೂಪವಿಲ್ಲ. ಮುಂಬದಿಯಲ್ಲಿ ದೇವತಾಮೂರ್ತಿ, ಹಿಂಬದಿಯಲ್ಲಿ ನಾಗರಿ ಲಿಪಿಯ ‘ಶ್ರೀ ಪ್ರತಾಪ ಕೃಷ್ಣರಾಯ’.

1514ರಲ್ಲಿ ಉದಯಗಿರಿಯನ್ನು ಗೆದ್ದ ರಾಯನು ಅಲ್ಲಿಂದ ಬಾಲಕೃಷ್ಣನ ವಿಗ್ರಹವನ್ನು ತಂದು ಹಂಪಿಯಲ್ಲಿ ಪ್ರತಿಷ್ಠಾಪಿಸಿದನು. ಕುಳಿತ ಬಾಲಕೃಷ್ಣನ ಮುದ್ರೆಯುಳ್ಳ ವರಹಗಳನ್ನು ಈ ಘಟನೆಯೊಂದಿಗೆ ಜೋಡಿಸುವುದುಂಟು. ಮುಂದೆ ಅಚ್ಯುತರಾಯನ (1529–1542) ನಾಣ್ಯಗಳಲ್ಲಿ ಆನೆಗಳನ್ನು ಕೊಕ್ಕು, ಉಗುರುಗಳಲ್ಲಿ ಹಿಡಿದ ಗಂಡಭೇರುಂಡ ಬಂದಿತು. ಇವೆರಡರಲ್ಲಿಯೂ ಹಂದಿಯ ರೂಪವಿಲ್ಲ; ಹೆಸರು ಮಾತ್ರ ‘ವರಹ’ವಾಗಿಯೇ ಉಳಿಯಿತು. ವರಾಹಲಾಂಛನದ ಚಾಲುಕ್ಯರಿಂದ ಬಂದ ಈ ಹೆಸರು ಮುದ್ರೆ ಬದಲಾದರೂ ಜನರ ನಾಲಗೆಯಿಂದ ಅಳಿಯಲಿಲ್ಲವೆಂದು ತಿಳಿಯಬಹುದು. ಯೂರೋಪಿನ ವರ್ತಕರು ಇದನ್ನೇ ‘ಪಗೋಡ’ ಎಂದರು.

ಇಂತಹ ನಾಣ್ಯಗಳಲ್ಲಿ ಕೆಲವಕ್ಕೆ ರಂಧ್ರವೋ ಕೊಂಡಿ ಬೆಸೆದ ಗುರುತೋ ಇರುತ್ತದೆ. ನಾಣ್ಯಸಂಗ್ರಾಹಕರಿಗೆ ಅದು ದೋಷ, ಬೆಲೆ ತಗ್ಗಿಸುವ ಅಂಶ. ಜಾನಪದ ಅಧ್ಯಯನಕ್ಕೆ ಮಾತ್ರ ಅದೇ ಮುಖ್ಯ ಸಾಕ್ಷ್ಯ. ಕರಗಿಸದೆ ಕೊರಳಿಗೆ ಕಟ್ಟಿಕೊಂಡುದರಿಂದಲೇ ಕೆಲವು ನಾಣ್ಯಗಳು ಉಳಿದಿರಬೇಕು. ಆದ್ದರಿಂದ ವಿವರಪಟ್ಟಿಗಳಲ್ಲಿ ‘ಹಾನಿಗೊಂಡಿದೆ’ ಎಂದಷ್ಟೇ ಬರೆದು ಬಿಡುವುದು ಸಾಲದು. ರಂಧ್ರವೆಲ್ಲಿದೆ ಎಂಬುದನ್ನೂ ದಾಖಲಿಸಬೇಕು. ಅದು ಮೂರ್ತಿಯ ನೆತ್ತಿಯ ನೇರಕ್ಕಿದ್ದರೆ, ಧರಿಸಿದವರು ದೇವರು ತಲೆಕೆಳಗಾಗದಂತೆ ನೋಡಿಕೊಂಡಿದ್ದರೆಂದು ಊಹಿಸಬಹುದು.