ಶಿಬಿರದವರಿಗೆ ಎಚ್‌ಐವಿ ಮಾತ್ರೆ ಸಿಗುತ್ತದೆಯೇ?

ಸಿಂಧನೂರು ಬಳಿಯ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳು ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗಾಗಿ ಎದ್ದವು. ಹೆಸರಿಗೆ ಕ್ಯಾಂಪ್, ಈಗ ಹೊಲಮನೆಗಳಿರುವ ಊರುಗಳೇ. ಹಾಗಾಗಿ ಎಲ್ಲರಂತೆ ಇವರಿಗೂ ಸರ್ಕಾರಿ ಆಸ್ಪತ್ರೆಯ ಪರೀಕ್ಷೆ, ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರಗಳೇ ದಾರಿ. 2004ರಿಂದ ದೇಶದಲ್ಲಿ ಈ ಮಾತ್ರೆ ಉಚಿತ. 2017ರಿಂದ ಸಿಡಿ4 (ರೋಗನಿರೋಧಕ ಕೋಶಗಳ) ಎಣಿಕೆ ಎಷ್ಟೇ ಇರಲಿ, ಸೋಂಕು ಖಚಿತವಾದರೆ ಚಿಕಿತ್ಸೆ ಶುರು.

ಕಷ್ಟವೆಲ್ಲ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದರಲ್ಲಿದೆ. ದುಡಿಮೆಗೆಂದು ದೂರ ಹೋದವರು ಮಾತ್ರೆ ಪದೇ ಪದೇ ಬಿಟ್ಟರೆ ವೈರಾಣು ಔಷಧಕ್ಕೆ ಜಗ್ಗದಂತಾಗಬಹುದು. ಹೊರಡುವ ಮುನ್ನ ಕೇಂದ್ರಕ್ಕೆ ತಿಳಿಸಿದರೆ, ಹೋಗುವ ಊರಿನ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು.

ನಿರಾಶ್ರಿತರು ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ ಎಂಬ ಮಾತು ಅನ್ಯಾಯದ್ದು. ಕ್ವಾಲಾಲಂಪುರದ ಅಧ್ಯಯನವೊಂದರಲ್ಲಿ ನಿರಾಶ್ರಿತರ ಚಿಕಿತ್ಸೆಯ ಫಲಿತಾಂಶ ಸ್ಥಳೀಯರದಕ್ಕೆ ಹೆಚ್ಚುಕಡಿಮೆ ಸಮನಾಗಿತ್ತು.

ಚಿಕಿತ್ಸೆಯಲ್ಲಿ ತಾರತಮ್ಯವನ್ನೂ ಒಪ್ಪಿಗೆಯಿಲ್ಲದ ಪರೀಕ್ಷೆಯನ್ನೂ 2017ರ ಎಚ್‌ಐವಿ ಕಾಯ್ದೆ ನಿಷೇಧಿಸುತ್ತದೆ.