ಹಿಮದಡಿ ಆರು ದಿನ

ಬೈರಕೂರಿನಲ್ಲಿ ನಾನು ಕಂಡ ಹಿಮವೆಂದರೆ ಬೇಸಿಗೆ ಮಳೆಯ ಆಲಿಕಲ್ಲು ಮಾತ್ರ. ಆದರೆ ನಮ್ಮ ರಾಜ್ಯದವರೇ ಒಬ್ಬರು ಹಿಮದಡಿ ಆರು ದಿನ ಬದುಕಿದ್ದರು. ಧಾರವಾಡ ಜಿಲ್ಲೆ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ, 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಒಂಬತ್ತು ಸಂಗಡಿಗರೊಂದಿಗೆ ಹಿಮಕುಸಿತಕ್ಕೆ ಸಿಕ್ಕರು.

ಹಿಮ ಪದರ ಪದರವಾಗಿ ಕೂರುತ್ತದೆ. ನಡುವಿನ ಒಂದು ಪದರ ಸಡಿಲವಾದರೆ ಸಾಕು, ಮೇಲಿನ ಗಟ್ಟಿ ಪದರ ಹಲಗೆಯಂತೆ ಕಳಚಿ ಜಾರುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಇದು ಹೆಚ್ಚು. ಜಾರಿ ನಿಂತ ಮೇಲೆ ಸಿಮೆಂಟಿನಂತೆ ಬಿಗಿಯುತ್ತದೆ, ಬೆರಳೂ ಆಡದು. ಚಳಿಗಿಂತ ಮೊದಲು ಉಸಿರು ಕಟ್ಟುತ್ತದೆ. ಕಾಲು ಗಂಟೆಯೊಳಗೆ ತೆಗೆದರೆ ಬಹುತೇಕರು ಉಳಿಯುತ್ತಾರೆ, ಅರ್ಧ ಗಂಟೆ ದಾಟಿದರೆ ಕಷ್ಟ. ಸುಮಾರು 25 ಅಡಿ ಆಳದಲ್ಲಿದ್ದ ಕೊಪ್ಪದರಿಗೆ ಡೇರೆಯೊಳಗೆ ಉಳಿದ ಗಾಳಿ ನೆರವಾಯಿತು. ಸಂಗಡಿಗರು ಯಾರೂ ಬದುಕಲಿಲ್ಲ. ಫೆಬ್ರವರಿ 11ರಂದು ಅವರೂ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು.